ಅಮೃತಮಹಲ್ ಕಾವಲು: ಏಳು ವರ್ಷ ಮುಂಚೆ ಹಾಕುತ್ತಿದ್ದ ಲೆಕ್ಕ

ಕಡೂರು, ಬೀರೂರು, ಅಜ್ಜಂಪುರದ ಸುತ್ತಮುತ್ತ ಓಡಾಡಿದವರು ಕಾವಲುಗಳನ್ನು ನೋಡಿಯೇ ಇರುತ್ತೀರಿ. ಊರು ಮುಗಿದು ತೋಟ, ಹೊಲ ಎಲ್ಲ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಬಯಲು ಶುರುವಾಗುತ್ತದೆ. ಅಲ್ಲೊಂದು ಇಲ್ಲೊಂದು ಜಾಲಿ ಮರ, ಮಿಕ್ಕಿದ್ದೆಲ್ಲ ಹುಲ್ಲು. ಬೇಸಿಗೆಯಲ್ಲಿ ಹೋದರೆ ಅದೂ ಇಲ್ಲ, ಬರೀ ಕೆಂಪು ನೆಲ. ಹೊಸಬರು ಯಾರಾದರೂ ಜೊತೆಗಿದ್ದರೆ "ಅಲ್ಲಾ ಇಷ್ಟೊಂದು ಜಾಗ ಸುಮ್ನೆ ಬಿದ್ದಿದೆಯಲ್ರೀ" ಅಂತ ಅಂದೇ ಅನ್ನುತ್ತಾರೆ.

ಸುಮ್ಮನೆ ಬಿದ್ದಿಲ್ಲ. ಸುಮ್ಮನೆ ಬಿದ್ದ ಹಾಗೆ ಕಾಣುವುದೇ ಅದರ ಕೆಲಸವಾಗಿತ್ತು. ಹೇಗೆ ಅನ್ನುವುದೇ ಈ ಬರಹ.

ಈಗಿನ ಕಂಪನಿಗಳಲ್ಲಿ ಮ್ಯಾನ್‌ಪವರ್ ಪ್ಲಾನಿಂಗ್ ಅಂತ ಒಂದು ವಿಭಾಗವೇ ಇರುತ್ತದೆ. ಮುಂದಿನ ತಿಂಗಳಿಗೆ ಎಷ್ಟು ಜನ ಬೇಕು, ಯಾರು ಯಾವ ಶಿಫ್ಟು, ಯಾರು ಬೆಂಚ್ ಮೇಲೆ ಖಾಲಿ ಕೂತಿದ್ದಾರೆ ಅಂತ ಎಕ್ಸೆಲ್ ಶೀಟು ತುಂಬಿಸುವ ಕೆಲಸ. ಮೂರು ತಿಂಗಳು ಮುಂದಕ್ಕೆ ಯೋಚನೆ ಮಾಡಿದರೆ ದೂರದೃಷ್ಟಿ ಅನ್ನುತ್ತಾರೆ. ನಮ್ಮ ಮೈಸೂರು ಸೀಮೆಯಲ್ಲಿ ಒಂದು ಇಲಾಖೆ ಇನ್ನೂರು ವರ್ಷಕ್ಕೂ ಹಿಂದೆ ಇದೇ ಕೆಲಸವನ್ನು ಏಳು ವರ್ಷ ಮುಂದಕ್ಕೆ ಲೆಕ್ಕ ಹಾಕಿ ಮಾಡುತ್ತಿತ್ತು. ಅದರ ಕೆಲಸಗಾರರಿಗೆ ನಾಲ್ಕು ಕಾಲು, ಎರಡು ಕೊಂಬು, ಅಷ್ಟೇ ವ್ಯತ್ಯಾಸ.

ಮೊದಲು ಸ್ವಲ್ಪ ಹಿನ್ನೆಲೆ. ವಿಜಯನಗರದ ಕೊನೆಗಾಲದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಅವರ ಪ್ರತಿನಿಧಿಯ ಬಳಿ ಕರುಹಟ್ಟಿ ಅನ್ನುವ ದನದ ಹಿಂಡು ಇತ್ತು. ಅದು ಮೈಸೂರು ಒಡೆಯರ ಕೈಗೆ ಬಂತು. ಚಿಕ್ಕದೇವರಾಜ ಒಡೆಯರು (1672-1704) ಇದನ್ನು ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿ, ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೆಸರೇ ಹೇಳುವ ಹಾಗೆ ಆಗ ಅರಮನೆಗೆ ಹಾಲು ಬೆಣ್ಣೆಯ ಕಡೆ ಗಮನ. ಹೈದರ್ ಅಲಿ ಬಂದ ಮೇಲೆ ಗಮನ ಬೆಣ್ಣೆಯಿಂದ ಎತ್ತಿನ ಕಡೆ ತಿರುಗಿತು. ಫಿರಂಗಿ ಎಳೆಯಬೇಕಲ್ಲ! ಟಿಪ್ಪು ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟ. ಹಾಗಲವಾಡಿ ಪಾಳೇಗಾರರ ದನಗಳನ್ನೂ ಇದಕ್ಕೆ ಸೇರಿಸಿದ. ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಹುಕುಂನಾಮೆ ಹೊರಡಿಸಿದ, ವರ್ಷಕ್ಕೊಮ್ಮೆ ದನಗಳ ಹಾಜರಿ ತೆಗೆಸುತ್ತಿದ್ದ. ಅವನನ್ನು ಸೋಲಿಸಿದ ಇಂಗ್ಲಿಷರೂ ಆಮೇಲೆ ಆ ನಿಯಮಗಳಲ್ಲಿ ಬಹುಪಾಲನ್ನು ಹಾಗೇ ಇಟ್ಟುಕೊಂಡರು. ಶತ್ರುವಿನ ಕಾನೂನನ್ನು ಬದಲಾಯಿಸದೆ ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಏನು ಬೇಕು?

ಈ ಎತ್ತುಗಳ ಓಟದ ಬಗ್ಗೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಒಂದು ಪಟ್ಟಿಯೇ ಇದೆ. ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಹೋದದ್ದು (1781). ನಗರವನ್ನು ಮತ್ತೆ ಹಿಡಿಯಲು ಟಿಪ್ಪು ಒಂದೇ ತಿಂಗಳಲ್ಲಿ ಪೂರ್ವದ ಕಡೆಯಿಂದ ಪಶ್ಚಿಮಕ್ಕೆ ದಾಟಿದ್ದು (1783). ಜನರಲ್ ಮೆಡೋಸ್ ಕಣ್ಣೆದುರಿಗೇ ಎರಡು ದಿನದಲ್ಲಿ 63 ಮೈಲಿ ನಡೆದದ್ದು (1790). ಪೇಶ್ವೆಯನ್ನು ಅಟ್ಟಿಸಿಕೊಂಡು ಪ್ರಿಟ್ಜ್‌ಲರ್ 25 ದಿನದಲ್ಲಿ 346 ಮೈಲಿ ಹೋದದ್ದು (1818). ಮುಂದೆ ವೆಲಿಂಗ್ಟನ್ ಆದ ವೆಲ್ಲೆಸ್ಲಿಯೂ ಇವುಗಳ ರುಚಿ ನೋಡಿದವನೇ. ಸ್ಪೇನಿನ ಯುದ್ಧದಲ್ಲಿ ಮೈಸೂರಿನ ಎತ್ತುಗಳು ಇಲ್ಲವಲ್ಲಾ ಅಂತ ಪೇಚಾಡುತ್ತಿದ್ದನಂತೆ.

ಸರಿ, ಓಟ ಎಲ್ಲರಿಗೂ ಕಾಣುತ್ತದೆ. ಓಟದ ಹಿಂದಿನ ವರ್ಷಗಳು ಕಾಣುವುದಿಲ್ಲ. ನನಗೆ ಕುತೂಹಲ ಇರುವುದು ಅದರಲ್ಲೇ.

ಅಮೃತಮಹಲ್ ಹೋರಿ ನಾಲ್ಕು ವರ್ಷದವರೆಗೆ ಹಿಂಡಿನಲ್ಲೇ ಬೆಳೆಯುತ್ತದೆ. ಆಮೇಲೆ ಬೇರ್ಪಡಿಸುತ್ತಾರೆ. ಬೀಜ ಒಡೆಸಿ, ಐದು ವರ್ಷದ ಹೊತ್ತಿಗೆ ಪಳಗಿಸಲು ಶುರು. ಪೂರ್ತಿ ಕಸುವು ಬರುವುದು ಏಳನೇ ವರ್ಷಕ್ಕೆ. ಹನ್ನೆರಡಕ್ಕೆ ಕಸುವು ಇಳಿಯುತ್ತದೆ. ಹದಿನಾಲ್ಕು, ಹದಿನೈದರವರೆಗೆ ಹೇಗೋ ದುಡಿದು, ಹದಿನೆಂಟರ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಅಂದರೆ ಇವತ್ತು ಫಿರಂಗಿ ಎಳೆಯುತ್ತಿರುವ ಎತ್ತು ಬೇಕು ಅಂತ ಯಾರೋ ಏಳು ವರ್ಷದ ಹಿಂದೆಯೇ ತೀರ್ಮಾನ ಮಾಡಿರಬೇಕು. ಯುದ್ಧ ಬಂದ ಮೇಲೆ ಆರ್ಡರು ಕೊಟ್ಟರೆ ಆಗದು.

ಒಂದು ಕೈ ಲೆಕ್ಕ ಹಾಕೋಣ (ಇದು ಯಾವ ದಾಖಲೆಯಲ್ಲೂ ಇರುವುದಲ್ಲ, ನನ್ನದೇ ಉದಾಹರಣೆ). ಸೈನ್ಯಕ್ಕೆ ವರ್ಷಕ್ಕೆ 500 ಹೊಸ ಎತ್ತು ಬೇಕು ಅಂದುಕೊಳ್ಳಿ. ಹಸು ಎರಡು ವರ್ಷಕ್ಕೊಂದು ಕರು ಹಾಕುತ್ತದೆ ಅನ್ನಿ. ಹುಟ್ಟುವುದರಲ್ಲಿ ಅರ್ಧ ಹೆಣ್ಣು. ದೊಡ್ಡರೋಗ, ಚಿರತೆ, ಬರ ಅಂತ ನಾಲ್ಕರಲ್ಲಿ ಒಂದು ಹೋಗುತ್ತದೆ ಅಂತ ಬಿಟ್ಟರೆ ಸುಮಾರು 2,700 ಹಸು ಬೇಕಾಗುತ್ತದೆ. ಅದರ ಜೊತೆಗೆ ಇನ್ನೂ ನೊಗ ಕಾಣದ, ಐದು ವರ್ಷದೊಳಗಿನ ಗಂಡುಗಳೇ ಯಾವತ್ತೂ ಹತ್ತಿರ ಹತ್ತಿರ 3,000 ಇರಬೇಕು. ಮೇಲೆ ಹೆಣ್ಣು ಕರುಗಳು, ಬೀಜದ ಹೋರಿಗಳು ಬೇರೆ. ಇವ್ಯಾವುವೂ ಒಂದು ಮಾರು ಫಿರಂಗಿ ಎಳೆಯುವುದಿಲ್ಲ, ಮೇಯುವುದು ಮಾತ್ರ ದಿನಾ! ಲೆಕ್ಕಪತ್ರ ನೋಡುವವನ ಕಣ್ಣಿಗೆ ಇಲಾಖೆಯ ಮುಕ್ಕಾಲು ಪಾಲು ಬೆಂಚ್ ಮೇಲೆ ಕೂತು ತಿನ್ನುತ್ತಿದೆ ಅಂತಲೇ ಕಾಣುತ್ತದೆ.

ಇಷ್ಟು ಹೊಟ್ಟೆಗಳನ್ನು ವರ್ಷವಿಡೀ ಸಾಕುವುದು ಹೇಗೆ? ಅಲ್ಲೇ ಕಾವಲಿನ ಬುದ್ಧಿವಂತಿಕೆ ಇರುವುದು. ಕಾವಲುಗಳನ್ನು ಮೂರು ಬಗೆ ಮಾಡಿದ್ದರು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆ ಕಾವಲು ಅಂದರೆ ಕಡು ಬಿಸಿಲಿನಲ್ಲೂ ಹುಲ್ಲು ನೀರು ಎರಡೂ ಸಿಗುವ, ಮರದ ನೆರಳಿರುವ ಜಾಗ. ಕೆರೆಯ ಅಂಗಳಗಳೂ ಇದರಲ್ಲಿ ಸೇರುತ್ತಿದ್ದವು. ಮಳೆಗಾಲದ ಕಾವಲು ಅಂದರೆ ಮಳೆ ಬಂದರೆ ಹುಲ್ಲು ನೀರು ಧಾರಾಳ, ಮಳೆ ನಿಂತರೆ ಏನೂ ಇಲ್ಲ. ಚಳಿಗಾಲದ ಕಾವಲಿನಲ್ಲಿ ಹುಲ್ಲು ತಡವಾಗಿಯೂ ಉಳಿದಿರುತ್ತದೆ, ಆದರೆ ಕುಂಟೆ ಒಣಗಿದ ಕೂಡಲೇ ಜಾಗ ಬಿಡಬೇಕು. ಹಿಂಡು ಇವುಗಳ ನಡುವೆ ಸುತ್ತುತ್ತಲೇ ಇರಬೇಕು. ಹಿಂಡಿನ ಜೊತೆಗೆ ದನಗಾಹಿಗಳೂ ಹೊರಡಬೇಕು. ಹಿಂಡು ಇಲ್ಲದ ಕಾವಲಿಗೆ ಊರ ದನ ನುಗ್ಗದ ಹಾಗೆ ನೋಡಿಕೊಳ್ಳುವ ಕಾವಲುಗಾರ ಬೇರೆ.

ಈಗ ಗಮನಿಸಿ. ಈ ಏರ್ಪಾಟಿನಲ್ಲಿ ಯಾವುದೇ ದಿನ ಹೋಗಿ ನೋಡಿದರೂ ಮೂರರಲ್ಲಿ ಎರಡು ಬಗೆಯ ಕಾವಲು ಖಾಲಿಯೇ! ಬೇಸಿಗೆ ಕಾವಲನ್ನು ಶ್ರಾವಣದಲ್ಲಿ ನೋಡಿದವನಿಗೆ ಮೊಣಕಾಲೆತ್ತರ ಹುಲ್ಲು ಕಾಣುತ್ತದೆ, ಮೇಯಲು ಒಂದು ದನವೂ ಕಾಣುವುದಿಲ್ಲ. ಇದೇನು ದಂಡ ಅಂತ ಅನ್ನಿಸುವುದು ಸಹಜ. ಆದರೆ ಆ ಹುಲ್ಲನ್ನು ಶ್ರಾವಣದಲ್ಲೇ ಮೇಯಿಸಿಬಿಟ್ಟರೆ ಚೈತ್ರಕ್ಕೆ ಹಿಂಡನ್ನು ಎಲ್ಲಿಗೆ ಅಟ್ಟುವುದು? ರೋಸ್ಟರ್ ಹಾಕುವವರೆಲ್ಲ ಇರುವ ಜನವನ್ನು ಪೂರ್ತಿ ಬಳಸಿಕೊಂಡಷ್ಟೂ ಜಾಣತನ ಅಂದುಕೊಂಡಿರುತ್ತಾರೆ. ಕಾವಲಿನ ರೋಸ್ಟರ್ ಹಾಕಿದವರು ಕಷ್ಟದ ತಿಂಗಳನ್ನು ಮೊದಲು ಹಿಡಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದವರು.

ದನಗಾಹಿಗಳ ಬಗ್ಗೆಯೂ ಒಂದು ಮಾತು. ಅಮೃತಮಹಲ್ ದನ ಮನೆಯ ದನದ ಹಾಗಲ್ಲ. ಕೊಟ್ಟಿಗೆ ಕಂಡದ್ದಲ್ಲ, ಹಗಲು ರಾತ್ರಿ ಬಯಲಲ್ಲೇ. ಅರೆಕಾಡು ಪ್ರಾಣಿ ಅನ್ನಬಹುದು. ಗುರುತಿಲ್ಲದವರು ನಡೆದು ಹತ್ತಿರ ಹೋದರೆ ಕೊಂಬು ತಗ್ಗಿಸಿಕೊಂಡು ಬರುತ್ತದೆ. ತನ್ನ ದನಗಾಹಿಯ ಕೂಗಿಗೆ ಮಾತ್ರ ತಿರುಗುತ್ತದೆ. ಇಂಥ ಕಡೆ ಇವತ್ತು ಇವನು ನಾಳೆ ಅವನು ಅಂತ ಜನ ಬದಲಾಯಿಸಲು ಬರುವುದಿಲ್ಲ. ಹಿಂಡು ಗೊತ್ತಿರುವ ಮನುಷ್ಯ ಅನ್ನುವುದೇ ಒಂದು ಆಸ್ತಿ, ಅದೂ ತಯಾರಾಗಲು ವರ್ಷಗಳು ಹಿಡಿಯುವಂಥದ್ದು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹೈದರನ ಹೆಸರಿದೆ, ಕ್ಯಾಪ್ಟನ್‌ಗಳ ಹೆಸರಿದೆ. ಆ ಎತ್ತನ್ನು ಕರುವಾಗಿದ್ದಾಗಿನಿಂದ ಕಾದವನ ಹೆಸರು ಎಲ್ಲೂ ಇಲ್ಲ.

ಇನ್ನು ಈ ಲೆಕ್ಕ ತಪ್ಪಿದ ಕಥೆ. ಎರಡು ಸಲ ತಪ್ಪಿತು.

ಮೊದಲನೆಯದು 1799ರ ನಂತರ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳನ್ನು ಮೈಸೂರು ಅರಸರ ಅಧಿಕಾರಿಗಳಿಗೆ ವಹಿಸಿ, ಸೈನ್ಯಕ್ಕೆ ಎತ್ತು ಒದಗಿಸಬೇಕು ಅಂತ ಇಂಗ್ಲಿಷರು ಕರಾರು ಮಾಡಿದರು. ಸಾಕುವವರು ಒಬ್ಬರು, ಬಳಸುವವರು ಇನ್ನೊಬ್ಬರು. ತಳಿ ಎಷ್ಟು ಕೆಟ್ಟಿತು ಅಂದರೆ 1813ರಲ್ಲಿ ಮದರಾಸು ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆಯನ್ನು ತಂದು ಕೂರಿಸಬೇಕಾಯಿತು. ಅಲ್ಲಿಂದ ಮುಂದೆ ಚೇತರಿಕೆ.

ಎರಡನೆಯದು ಇನ್ನೂ ಸ್ವಾರಸ್ಯ. 1860ರಲ್ಲಿ ಸರ್ಕಾರಕ್ಕೆ ಉಳಿತಾಯದ ಹುಚ್ಚು ಹಿಡಿಯಿತು. 1857ರ ದಂಗೆ ಅಡಗಿಸಲು ಮಾಡಿದ ಖರ್ಚಿನಿಂದ ಬೊಕ್ಕಸ ಬರಿದಾಗಿತ್ತು. ಎತ್ತು ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತು, ಇಷ್ಟೊಂದು ಹಿಂಡು ಯಾಕೆ ಸಾಕಬೇಕು ಅಂತ ಅಮೃತಮಹಲ್ ಹಿಂಡುಗಳನ್ನು ಮಾರಿಬಿಟ್ಟರು. ಆರೇ ವರ್ಷ. 1866ರಲ್ಲಿ ತಪ್ಪಾಯಿತು ಅಂತ ಗೊತ್ತಾಗಿ ಅಲ್ಲಿ ಇಲ್ಲಿ ಚದುರಿದ್ದ ದನಗಳನ್ನು ಹುಡುಕಿ ಕೊಂಡು ಇಲಾಖೆಯನ್ನು ಮತ್ತೆ ಕಟ್ಟಿದರು.

ಆರೇ ವರ್ಷ ಯಾಕೆ? ಎತ್ತಿನ ವಯಸ್ಸಿನ ಲೆಕ್ಕವನ್ನೇ ಇಲ್ಲಿ ಇಟ್ಟು ನೋಡಿ. 1860ರಲ್ಲಿ ಪಳಗಿ ಬಂದ ಕೊನೆಯ ಎತ್ತುಗಳಿಗೆ ಆಗ ಐದೋ ಆರೋ ವರ್ಷ. ಅವು ಹನ್ನೆರಡು ಮುಟ್ಟುವುದು 1866-67ರ ಹೊತ್ತಿಗೆ! ಅಲ್ಲಿಯವರೆಗೆ ಎಲ್ಲಾ ಸುಸೂತ್ರವಾಗಿಯೇ ಇತ್ತು. ಹಿಂಡಿನ ಖರ್ಚು ಉಳಿಯಿತು, ಎತ್ತುಗಳೂ ಎಳೆಯುತ್ತಿದ್ದವು. ಉಳಿಸಿದವರಿಗೆ ಶಹಭಾಸ್‌ಗಿರಿಯೂ ಸಿಕ್ಕಿರಬೇಕು. ಕಾರಣ ಇದೊಂದೇ ಅಂತ ಹಟ ಮಾಡುವುದಿಲ್ಲ, ಆದರೆ ತಾಳೆ ನೋಡಿದರೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಇನ್ನೂ ಒಂದು ಇದೆ. 1866ರಲ್ಲಿ ಕೊಂಡು ಕೂಡಿಸಿದ ಹಸು 1867ರಲ್ಲಿ ಕರು ಹಾಕಿದರೆ ಅದು ನೊಗಕ್ಕೆ ಬರುವುದು 1872ಕ್ಕೆ, ಪೂರ್ತಿ ಕಸುವಿಗೆ ಬರುವುದು 1874ಕ್ಕೆ. ಮಾರಲು ಒಂದು ಆರ್ಡರು ಸಾಕಾಗಿತ್ತು, ಮೊದಲಿನ ಹಾಗೆ ಆಗಲು ಹದಿನಾಲ್ಕು ವರ್ಷ. ಮಂದಗತಿ ಅಂತ ಬೆಂಚ್ ಖಾಲಿ ಮಾಡಿಸಿ, ಎರಡು ವರ್ಷಕ್ಕೆ ಅದೇ ಕೆಲಸಕ್ಕೆ ದುಪ್ಪಟ್ಟು ಕೊಟ್ಟು ಹೊಸಬರನ್ನು ತಂದ ಕಡೆ ನೀವೂ ಕೆಲಸ ಮಾಡಿದ್ದರೆ ಇದರ ವಾಸನೆ ಗೊತ್ತಿರುತ್ತದೆ.

1880ರ ದಶಕದ ಮೊದಲಲ್ಲಿ ಅಮೃತಮಹಲ್ ಮೈಸೂರು ಸರ್ಕಾರಕ್ಕೆ ಬಂತು. ಮುಂದೆ ಫಿರಂಗಿಗೆ ಕುದುರೆ, ಕುದುರೆಯಾದ ಮೇಲೆ ಮೋಟಾರು. ಎತ್ತಿಗೆ ಸೈನ್ಯದಲ್ಲಿ ಕೆಲಸ ಉಳಿಯಲಿಲ್ಲ. 1923ರಲ್ಲಿ ಇಲಾಖೆಯನ್ನು ಮಿಲಿಟರಿಯಿಂದ ಕೃಷಿಗೆ ವರ್ಗ ಮಾಡಿದರು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರ ಶುರುವಾಯಿತು. ಆಗ ಅದು ತರೀಕೆರೆ ತಾಲ್ಲೂಕು, ಈಗ ಅಜ್ಜಂಪುರವೇ ತಾಲ್ಲೂಕು. ರೈತನಿಗೆ ಒಳ್ಳೆ ಎತ್ತು ಕೊಡುವುದು ಹೊಸ ಗುರಿ. ಆ ಗುರಿಯನ್ನೂ ಟ್ರಾಕ್ಟರು ಬಂದು ತಿಂದಿತು ಅನ್ನಿ.

ಎತ್ತಿನ ಬೇಡಿಕೆ ಹೋದ ಮೇಲೆ ಕಾವಲಿನ ಮೇಲೆ ಎಲ್ಲರ ಕಣ್ಣು ಬಿತ್ತು. ಬಗರ್ ಹುಕುಂ ಸಾಗುವಳಿ ಆಯಿತು, ನೆಡುತೋಪು ಆಯಿತು, ಕಟ್ಟಡಗಳು ಬಂದವು. ದೊಡ್ಡ ಮಟ್ಟದಲ್ಲಿ ನಡೆದದ್ದು ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. 2009-10ರ ಸುಮಾರಿಗೆ ಅಲ್ಲಿ ಹತ್ತು ಸಾವಿರ ಎಕರೆಯಷ್ಟು ಕಾವಲನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶದಂಥ ಸಂಸ್ಥೆಗಳಿಗೆ ಹಂಚಿದರು. ಅದೇ ಕಾವಲಿನಲ್ಲಿ ಕುರಿ, ದನ ಮೇಯಿಸಿಕೊಂಡಿದ್ದ ಸುತ್ತಲ ಹಳ್ಳಿಯವರು ಬೇಲಿಯ ಆಚೆ ಉಳಿದರು. ಮೊಕದ್ದಮೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಸಂಸ್ಥೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಜಾಗ ಖಾಲಿ ಬಿದ್ದಿತ್ತು ಅನ್ನುವ ಮಾತು ಬಂದಾಗೆಲ್ಲ ನನಗೆ 1860ರ ಆ ಲೆಕ್ಕಿಗ ನೆನಪಾಗುತ್ತಾನೆ.

ನಮ್ಮ ಕಡೆ ಪೂರ್ತಿ ಹೋಗಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದರು. ಅದು ಕೃಷ್ಣಮೃಗಗಳಿಗಾಗಿ. ತೋಳಗಳೂ ಇವೆ. ದನಕ್ಕೆ ಅಂತ ಉಳಿಸಿದ ಹುಲ್ಲಿನಲ್ಲಿ ಇವೂ ಇಷ್ಟು ಕಾಲ ಬದುಕಿಕೊಂಡಿದ್ದವು, ಯಾರ ಲೆಕ್ಕದಲ್ಲೂ ಬರೆದಿರಲಿಲ್ಲ.

ಪಶುಪಾಲನಾ ಇಲಾಖೆಯ ಹಿಂಡುಗಳು ಉಳಿದ ಕಾವಲುಗಳಲ್ಲಿ ಈಗಲೂ ಮೇಯುತ್ತವೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ದೂರದೂರದಿಂದ ರೈತರು ಬಂದು ಜಿದ್ದಿಗೆ ಬಿದ್ದು ಕೂಗುತ್ತಾರೆ. ಕೂಗಿ ಗೆದ್ದವರಿಗೆ ಮೊದಲ ಪರೀಕ್ಷೆ ಕರುವನ್ನು ಗಾಡಿಗೆ ಹತ್ತಿಸುವುದೇ. ಹುಟ್ಟಿದಾಗಿನಿಂದ ಹಗ್ಗ ಕಂಡಿರದ ಪ್ರಾಣಿ, ನಾಲ್ಕೈದು ಜನ ಹಿಡಿದರೂ ನಿಲ್ಲುವುದಿಲ್ಲ. ಮನೆಗೆ ತಂದು ಕಂಬಕ್ಕೆ ಕಟ್ಟಿದ ಮೇಲೂ ಅದು ಹೊಸ ಯಜಮಾನನ ಕೈಯಿಂದ ಮೇವು ತಿನ್ನಲು ದಿನಗಳು ಬೇಕು, ನೊಗಕ್ಕೆ ಬರಲು ವರ್ಷಗಳು.