ಕಷ್ಟಕಾಲದಲ್ಲಿ ಪಾಲನಾ ಸಮಿತಿಯ ಹೊಣೆ

ಶತಮಾನೋತ್ಸವದ ಶುಭಗಳಿಗೆಯಲ್ಲಿ ದೇವಾಲಯದ ಗೋಪುರ ಕಟ್ಟಿದವರನ್ನು ಸ್ಮರಿಸುವುದು ವಾಡಿಕೆ. ಲೆಕ್ಕದ ಪುಸ್ತಕ ಹಿಡಿದು ದುರ್ಭರ ದಿನಗಳನ್ನು ದಾಟಿಸಿದ ಸಮಿತಿಯ ಸದಸ್ಯರನ್ನು ಸ್ಮರಿಸುವವರು ವಿರಳ. ಆದುದರಿಂದ ಅವರನ್ನು ಕುರಿತು ಕೆಲವು ಮಾತು ಬರೆಯಲು ನಾವು ಇಚ್ಛಿಸುತ್ತೇವೆ.

ನಮ್ಮ ಸೀಮೆಯ ಚರಿತ್ರೆಯೆಂದರೆ ಗಿರಣಿಗಳ ಏಳುಬೀಳಿನ ಚರಿತ್ರೆಯೂ ಹೌದು. ಹತ್ತಿಯ ವ್ಯಾಪಾರದಿಂದ ಬೆಳೆದ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕೊಂಡಾಡಿದರು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಯಿತು. ಕಾರ್ಖಾನೆಯ ಸೈರನ್ನೇ ಅನೇಕ ಮನೆಗಳಿಗೆ ಗಡಿಯಾರವಾಗಿತ್ತು. ಆದರೆ ಹಳೆಯ ಯಂತ್ರಗಳು, ವಿದ್ಯುತ್ ಮಗ್ಗಗಳ ಪೈಪೋಟಿ, ಕೃತಕ ನೂಲಿನ ಬಳಕೆ, ಏರಿದ ಸಾಲ ಇವುಗಳ ಭಾರಕ್ಕೆ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಕುಸಿದವು. ಶತಮಾನದ ತಿರುವಿನ ಹೊತ್ತಿಗೆ ಕಿರ್ಲೋಸ್ಕರ್ ಕಾರ್ಖಾನೆಯೂ ಸ್ತಬ್ಧವಾಯಿತು.

ನಾವು ಕಿರಿಯ ಗುರುಗಳಾಗಿ ಸೇವೆ ಸಲ್ಲಿಸುತ್ತಿದ್ದಾಗ ನಡೆದ ಒಂದು ಸಭೆ ಇಂದಿಗೂ ನೆನಪಿನಲ್ಲಿದೆ. ಭಾನುವಾರದ ಕಾಣಿಕೆ ಅರ್ಧಕ್ಕಿಳಿದಿತ್ತು. ಸೋರುತ್ತಿದ್ದ ಹೆಂಚಿನ ಮಾಡಿನ ದುರಸ್ತಿಗಾಗಿ ಬಡವರ ನಿಧಿಯಿಂದ ಹಣ ತೆಗೆಯೋಣವೆಂದು ನಾವೇ ಸೂಚಿಸಿದೆವು. ಕೆಲಸ ಕಳೆದುಕೊಂಡಿದ್ದ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, "ಸ್ವಾಮಿ, ಮಳೆ ನಿಂತರೆ ಮಾಡು ಸೋರುವುದೂ ನಿಲ್ಲುತ್ತದೆ. ಒಲೆ ಹಚ್ಚದ ಮನೆಗೆ ಮಳೆಗಾಲ ಮುಗಿಯುವುದು ಯಾವಾಗ?" ಎಂದರು. ನಾವು ನಿರುತ್ತರರಾದೆವು. ನಿಧಿ ಉಳಿಯಿತು, ಆ ವರ್ಷ ಹೆಂಚಿನ ಕೆಳಗೆ ಬಕೆಟ್ಟುಗಳನ್ನಿಟ್ಟೇ ಬಲಿಪೂಜೆ ಅರ್ಪಿಸಿದೆವು.

ಅವರು ನುಡಿದದ್ದು ಧರ್ಮಸಭೆಯ ಕಾನೂನೇ ಆಗಿತ್ತು. ಒಂದು ಉದ್ದೇಶಕ್ಕೆ ಭಕ್ತರಿತ್ತ ಕಾಣಿಕೆ ಆ ಉದ್ದೇಶಕ್ಕೇ ಸಲ್ಲತಕ್ಕದ್ದೆಂದು 1983ರ ಸಂಹಿತೆಯ 1267ನೆಯ ವಿಧಿ ಹೇಳುತ್ತದೆ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಬೇಕೆಂಬುದು 537ನೆಯ ವಿಧಿ. ದುಡಿಯುವವರಿಗೆ ನ್ಯಾಯವಾದ ವೇತನ ಸಲ್ಲಬೇಕೆಂಬುದು 1286ನೆಯದು. ಭಕ್ತರ ಕಾಣಿಕೆಗೆ ಭಕ್ತರಿಗೇ ಲೆಕ್ಕ ಒಪ್ಪಿಸಬೇಕೆಂಬುದು 1287ನೆಯದು. ಇದು ಹೊಸ ಬೋಧೆಯಲ್ಲ. ವಿಧವೆಯರಿಗೆ ನಿತ್ಯದ ಆಹಾರ ಹಂಚುವಲ್ಲಿ ತಾರತಮ್ಯವಾಯಿತೆಂಬ ದೂರು ಬಂದಾಗ ಪ್ರೇಷಿತರು ಏಳು ಮಂದಿ ಸತ್ಪುರುಷರನ್ನು ನೇಮಿಸಿದರು. ಸಂತ ಪೌಲರು ಬರಗಾಲದ ನೆರವನ್ನು ಜೊತೆಗಾರರೊಡನೆ ಜೆರುಸಲೇಮಿಗೆ ಮುಟ್ಟಿಸಿದರು.

2020ರಲ್ಲಿ ಮಹಾಮಾರಿಯಿಂದ ದೇವಾಲಯಗಳ ಬಾಗಿಲು ಮುಚ್ಚಿದಾಗ ಈ ಪಾಠವೇ ದಾರಿ ತೋರಿತು. ಕಾಣಿಕೆ ಡಬ್ಬಿ ಬರಿದಾದರೂ ಮೊದಲು ಅಡಿಗೆಯವರ, ಕಾವಲುಗಾರರ ಸಂಬಳ, ಬಳಿಕ ಹಸಿದವರಿಗೆ ಅಕ್ಕಿ, ಸುಣ್ಣಬಣ್ಣ ಕೊನೆಗೆ.

ಪ್ರಿಯ ಭಕ್ತಾದಿಗಳೇ, ಮುಂದಿನ ನೂರು ವರ್ಷಗಳಲ್ಲಿಯೂ ಕಷ್ಟದ ದಿನಗಳು ಬಂದೇ ಬರುತ್ತವೆ. ಸಮಿತಿಗೆ ಸಿರಿವಂತರನ್ನಷ್ಟೇ ಆರಿಸಬೇಡಿ; ಗುರುವಿನೆದುರು ವಿನಯದಿಂದ 'ಬೇಡ ಸ್ವಾಮಿ' ಎನ್ನಬಲ್ಲವರನ್ನೂ ಆರಿಸಿರಿ. ಅಂಥವರನ್ನು ದೇವರು ನಮಗೆ ಸದಾ ಕರುಣಿಸಲಿ.