ಅಳಿದ ಮೃಗಗಳ ಚಿತ್ರಕಾರ

ಗತಿಸಿದ ರಾಜನೊಬ್ಬನ ಚಿತ್ರ ಬರೆಯಬೇಕಾದ ಕಲಾವಿದನಿಗೆ ಒಂದಲ್ಲ ಒಂದು ಆಧಾರ ದೊರೆಯುತ್ತದೆ. ಹಳೆಯ ನಾಣ್ಯವಿರಬಹುದು, ದೇವಾಲಯದ ಗೋಡೆಯ ಮೇಲಿನ ಶಿಲ್ಪವಿರಬಹುದು, ಕವಿಯ ವರ್ಣನೆಯಿರಬಹುದು. ಏನೂ ದೊರೆಯದಿದ್ದರೂ ಮನುಷ್ಯನ ಮುಖ ಹೇಗಿರುತ್ತದೆಂಬುದಂತೂ ಅವನಿಗೆ ಗೊತ್ತು. ಆದರೆ ಮನುಷ್ಯಕುಲ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಅಳಿದುಹೋದ ಪ್ರಾಣಿಯನ್ನು ಬರೆಯಬೇಕಾದವನ ಪಾಡೇನು? ಅವನ ಮುಂದಿರುವುದು ಕಲ್ಲಾಗಿಹೋದ ಕೆಲವು ಮೂಳೆಗಳು. ಆ ಪ್ರಾಣಿಯ ಬಣ್ಣ ಯಾವುದು, ನಡಿಗೆ ಎಂಥದು, ಅದು ಸಿಟ್ಟಿಗೆದ್ದಾಗ ಹೇಗೆ ನಿಲ್ಲುತ್ತಿತ್ತು ಎಂಬುದನ್ನು ಹೇಳಬಲ್ಲ ಸಾಕ್ಷಿ ಯಾರೂ ಇಲ್ಲ.

ಹಾಗಿದ್ದರೂ ಇಂದು ಡೈನೋಸಾರ್ ಎಂದೊಡನೆ ಶಾಲೆಯ ಮಗುವಿನ ಮನಸ್ಸಿನಲ್ಲಿಯೂ ಒಂದು ರೂಪ ಮೂಡುತ್ತದೆ. ಈ ರೂಪವನ್ನು ಜಗತ್ತಿಗೆ ಕಟ್ಟಿಕೊಟ್ಟವರಲ್ಲಿ ಅಗ್ರಗಣ್ಯನೆಂದರೆ ಅಮೆರಿಕದ ಚಿತ್ರಕಾರ ಚಾರ್ಲ್ಸ್ ರಾಬರ್ಟ್ ನೈಟ್. ಯಾರ ಕಣ್ಣೂ ಕಾಣದ ಲೋಕವನ್ನು ಎಲ್ಲರಿಗೂ ಕಾಣಿಸಿದ ಈತ ಸ್ವತಃ ಅರೆಗುರುಡನಾಗಿದ್ದನೆಂಬುದು ವಿಧಿಯ ವಿನೋದವೆನ್ನಬೇಕು.

ನೈಟ್ ಹುಟ್ಟಿದ್ದು 1874ರ ಅಕ್ಟೋಬರ್ 21ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದವನು. ಪ್ರಸಿದ್ಧ ಧನಿಕ ಜೆ. ಪಿ. ಮಾರ್ಗನ್ನನ ಕಚೇರಿಯಲ್ಲಿ ಕೆಲಸಕ್ಕಿದ್ದನು. ತಂದೆಯಿಂದ ಮಗನಿಗೆ ಬಂದ ಆಸ್ತಿಗಳಲ್ಲಿ ದೃಷ್ಟಿದೋಷವೂ ಒಂದು. ಅದು ಸಾಲದೆಂಬಂತೆ ಆರರ ವಯಸ್ಸಿನಲ್ಲಿ ಜೊತೆಯ ಹುಡುಗನೊಬ್ಬ ಆಟದಲ್ಲಿ ಎಸೆದ ಕಲ್ಲು ಬಲಗಣ್ಣಿಗೆ ತಗುಲಿ ಆ ಕಣ್ಣು ಬಹುಮಟ್ಟಿಗೆ ಕೆಟ್ಟಿತು. ಮುಂದೆ ಆಯುಷ್ಯವಿಡೀ ನೈಟ್ ದಪ್ಪ ಕನ್ನಡಕ ಧರಿಸಿ, ಮುಖವನ್ನು ಚಿತ್ರದಿಂದ ಕೆಲವೇ ಅಂಗುಲ ದೂರದಲ್ಲಿಟ್ಟುಕೊಂಡು ಬರೆಯಬೇಕಾಯಿತು.

ಹುಡುಗನಿಗೆ ಪ್ರಾಣಿಗಳ ಹುಚ್ಚು. ಕಲಾಶಾಲೆಯಲ್ಲಿ ಕಲಿತು, ಹದಿನಾರರ ಹೊತ್ತಿಗೆ ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿಯೂ ಪ್ರಾಣಿ, ಸಸ್ಯಗಳನ್ನು ಬರೆಯುವ ಕೆಲಸ ಈತನ ಪಾಲಿಗೇ ಬರುತ್ತಿತ್ತು. ಬಿಡುವಾದಾಗಲೆಲ್ಲ ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಹುಲಿ ಸಿಂಹಗಳ ಮುಂದೆ ಕುಳಿತುಬಿಡುವನು. ಜೀವಂತ ಪ್ರಾಣಿಯ ಹೊರಮೈ ನೋಡಿದರೆ ಸಾಲದೆಂದು ತೋರಿ, ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಸತ್ತ ಪ್ರಾಣಿಗಳ ಚರ್ಮವನ್ನು ತುಂಬಿ ನಿಲ್ಲಿಸುವ ವಿಭಾಗಕ್ಕೆ ಹೋಗಲಾರಂಭಿಸಿದನು. ಚರ್ಮದ ಕೆಳಗೆ ಸ್ನಾಯು ಹೇಗೆ ಹೊಂದಿಕೊಂಡಿದೆ, ಕಾಲು ಮಡಿಸಿದಾಗ ಯಾವ ಮೂಳೆ ಎಲ್ಲಿ ಉಬ್ಬುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡು ಬರೆದುಕೊಂಡನು.

ಈ ಅಭ್ಯಾಸವೇ ಅವನ ಭಾಗ್ಯದ ಬಾಗಿಲು ತೆರೆಯಿತು. 1894ರಲ್ಲಿ ಅದೇ ಮ್ಯೂಸಿಯಮ್ಮಿನ ಪ್ರಾಚೀನ ಜೀವಿಗಳ ವಿಭಾಗದ ಡಾಕ್ಟರ್ ವರ್ಟ್‌ಮನ್ ಎಂಬಾತ ಹಂದಿಯನ್ನು ಹೋಲುವ, ಬಹುಕಾಲದ ಹಿಂದೆ ಅಳಿದುಹೋದ ಎಲೋಥೀರಿಯಂ ಎಂಬ ಪ್ರಾಣಿಯ ಮೂಳೆಗಳನ್ನು ತೋರಿಸಿ, ಇದು ಬದುಕಿದ್ದಾಗ ಹೇಗಿತ್ತೆಂಬುದನ್ನು ಚಿತ್ರಿಸಿಕೊಡೆಂದು ಕೇಳಿದನು. ನೈಟ್ ಮೂಳೆಯ ಮೇಲೆ ಸ್ನಾಯುವನ್ನೂ, ಸ್ನಾಯುವಿನ ಮೇಲೆ ಚರ್ಮವನ್ನೂ ಕಲ್ಪಿಸಿ ಬರೆದುಕೊಟ್ಟ ಚಿತ್ರ ವಿದ್ವಾಂಸನಿಗೆ ಮೆಚ್ಚಿಕೆಯಾಯಿತು. ಇಪ್ಪತ್ತು ವರ್ಷದ ತರುಣನ ಜೀವನದ ದಾರಿ ಅಂದು ನಿಶ್ಚಯವಾಯಿತೆಂದು ಹೇಳಬಹುದು.

ಆಗ ಅಮೆರಿಕದಲ್ಲಿ ಪಳೆಯುಳಿಕೆಗಳ ಮಹಾವಿದ್ವಾಂಸನೆಂದು ಹೆಸರಾದವನು ಎಡ್ವರ್ಡ್ ಡ್ರಿಂಕರ್ ಕೋಪ್. ಇವನಿಗೂ ಯೇಲ್ ವಿಶ್ವವಿದ್ಯಾನಿಲಯದ ಮಾರ್ಷ್ ಎಂಬವನಿಗೂ ಇದ್ದ ಹಗೆತನ ಜಗತ್ಪ್ರಸಿದ್ಧ. ಕೋಪ್ ತಾನು ಕಂಡುಹಿಡಿದ ಡೈನೋಸಾರೊಂದಕ್ಕೆ ಲೇಲಾಪ್ಸ್ ಎಂದು ಹೆಸರಿಟ್ಟಿದ್ದನು. ಆ ಹೆಸರು ಅದಾಗಲೇ ಒಂದು ಜಾತಿಯ ನುಸಿಗೆ ಸಂದಿತ್ತು. ಇದನ್ನು ಪತ್ತೆಮಾಡಿದ ಮಾರ್ಷ್ 1877ರಲ್ಲಿ ಅದನ್ನು ತೆಗೆದುಹಾಕಿ ಡ್ರಿಪ್ಟೋಸಾರಸ್ ಎಂಬ ಬೇರೆ ಹೆಸರಿಟ್ಟನು. ಕೋಪ್ ಅದನ್ನು ಒಪ್ಪಲಿಲ್ಲ. 1897ರಲ್ಲಿ ನೈಟ್ ಫಿಲಡೆಲ್ಫಿಯಾಕ್ಕೆ ಹೋಗಿ ಈತನನ್ನು ಕಂಡಾಗ ಕೋಪ್ ರೋಗಪೀಡಿತನಾಗಿದ್ದನು. ಏಪ್ರಿಲ್ ತಿಂಗಳಲ್ಲಿ ತೀರಿಕೊಂಡನು. ಆ ಕೊನೆಯ ದಿನಗಳಲ್ಲಿ ಆತ ತಾನು ಆಯುಷ್ಯವೆಲ್ಲ ಅರಸಿದ ಪ್ರಾಣಿಗಳು ಹೇಗಿದ್ದಿರಬಹುದೆಂಬುದನ್ನು ತರುಣ ಚಿತ್ರಕಾರನಿಗೆ ವಿವರಿಸಿದನು. ಅದರ ಫಲವಾಗಿ ಮೂಡಿದ್ದೇ ‘ನೆಗೆಯುವ ಲೇಲಾಪ್ಸ್’ ಎಂಬ ಚಿತ್ರ. ಎರಡು ಡೈನೋಸಾರ್‌ಗಳು ಕಾದಾಡುತ್ತಿವೆ. ಒಂದು ನೆಲದ ಮೇಲೆ ಬೆನ್ನಡಿಯಾಗಿ ಬಿದ್ದಿದೆ, ಇನ್ನೊಂದು ಅದರ ಮೇಲೆ ಹಾರಿ ನೆಗೆದಿದೆ. ಸರೀಸೃಪವೆಂದರೆ ಜಡವಾಗಿ ತೆವಳುವ ಪ್ರಾಣಿಯೆಂದು ಬಹುಮಂದಿ ನಂಬಿದ್ದ ಕಾಲದಲ್ಲಿ ಬರೆದ ಚಿತ್ರವಿದು.

ಮುಂದೆ ನೈಟ್‌ಗೆ ದೊರೆತ ಆಶ್ರಯದಾತ, ನ್ಯೂಯಾರ್ಕ್ ಮ್ಯೂಸಿಯಮ್ಮಿನ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್. ಮೂಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ ವಿದ್ವಾಂಸರಿಗೆ ಸಾಕು, ಜನಸಾಮಾನ್ಯರಿಗೆ ಸಾಲದು ಎಂಬುದನ್ನು ಚೆನ್ನಾಗಿ ಅರಿತಿದ್ದವನು ಇವನು. ಅಸ್ಥಿಪಂಜರದ ಪಕ್ಕದಲ್ಲಿ ಆ ಪ್ರಾಣಿ ಬದುಕಿದ್ದ ಕಾಡು, ಕೆರೆ, ಆಕಾಶಗಳೊಡನೆ ಅದರ ಚಿತ್ರವೂ ಇರಬೇಕೆಂದು ಬಯಸಿದನು. ಇದಕ್ಕೆ ಹಣ ಕೊಟ್ಟವರಲ್ಲಿ ಮಾರ್ಗನ್ನನೂ ಒಬ್ಬ.

ನೈಟ್ ಕೆಲಸ ಮಾಡುತ್ತಿದ್ದ ಕ್ರಮ ಗಮನಿಸತಕ್ಕದ್ದು. ಮೊದಲು ಅಸ್ಥಿಪಂಜರವನ್ನು ಅಭ್ಯಾಸ ಮಾಡಿ, ವಿದ್ವಾಂಸರೊಡನೆ ಚರ್ಚಿಸುವನು. ಅನಂತರ ಆ ಪ್ರಾಣಿಯ ಪುಟ್ಟ ಜೇಡಿಮಣ್ಣಿನ ಮಾದರಿ ಮಾಡುವನು. ಅದನ್ನು ಬಿಸಿಲಿನಲ್ಲಿಟ್ಟು, ಬೆಳಕು ಎಲ್ಲಿ ಬೀಳುತ್ತದೆ, ನೆರಳು ಹೇಗೆ ಚಾಚುತ್ತದೆ ಎಂದು ನೋಡಿದ ಮೇಲೆಯೇ ಬಣ್ಣಕ್ಕೆ ಕೈಹಾಕುವನು. ಹೀಗಾಗಿ ಅವನ ಪ್ರಾಣಿಗಳು ಕಾಗದಕ್ಕೆ ಅಂಟಿದಂತೆ ಕಾಣದೆ ನೆಲದ ಮೇಲೆ ಭಾರವೂರಿ ನಿಂತಂತೆ ಕಾಣುತ್ತವೆ. ಗೋಡೆಯಷ್ಟಗಲದ ಚಿತ್ರವಾದರೆ ಅವನ ಕಣ್ಣಿಗೆ ಒಟ್ಟು ನೋಟ ಸಿಕ್ಕುತ್ತಿರಲಿಲ್ಲ. ಆದ್ದರಿಂದ ಮೊದಲು ಚಿಕ್ಕ ಚಿತ್ರವನ್ನು ಬರೆಯುತ್ತಿದ್ದನು. ಸಹಾಯಕರು ಅದನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಅಳತೆಯಂತೆ ಹಿಗ್ಗಿಸಿದ ತರುವಾಯ ತಾನೇ ತಿದ್ದಿ ಪೂರ್ಣಗೊಳಿಸುತ್ತಿದ್ದನು.

ನ್ಯೂಯಾರ್ಕಿನಲ್ಲಿ ಮಾನವಯುಗದ ಸಭಾಂಗಣಕ್ಕಾಗಿ ಬರೆದ ಭಿತ್ತಿಚಿತ್ರಗಳಲ್ಲಿ ಹಿಮದ ಬಯಲಿನಲ್ಲಿ ನಡೆಯುವ ಮ್ಯಾಮತ್ ಆನೆಗಳೂ ಉಣ್ಣೆಯ ಮೈಯ ಘೇಂಡಾಮೃಗಗಳೂ ಇವೆ. ಅವುಗಳಲ್ಲಿ 1920ರ ಒಂದು ಚಿತ್ರ ವಿಶೇಷವಾದುದು. ಫ್ರಾನ್ಸಿನ ಫಾಂ-ದ-ಗೋಮ್ ಗುಹೆಯೊಳಗೆ ದೀಪದ ಬೆಳಕಿನಲ್ಲಿ ಆದಿಮಾನವರು ಗೋಡೆಯ ಮೇಲೆ ಮ್ಯಾಮತ್ತನ್ನು ಚಿತ್ರಿಸುತ್ತಿದ್ದಾರೆ. ಆ ಗುಹಾಚಿತ್ರಕಾರರು ತಾವು ಕಂಡ ಪ್ರಾಣಿಯನ್ನು ಬರೆದರು. ಎತ್ತರದ ನೆತ್ತಿ, ಹಿಂದಕ್ಕೆ ಇಳಿಜಾರಾದ ಬೆನ್ನು—ಇವು ಆ ಪ್ರಾಣಿಗೆ ಇದ್ದುವೆಂಬುದಕ್ಕೆ ಅವರ ಗೆರೆಗಳೂ ಸಾಕ್ಷಿಯಾಗಿವೆ. ಸಾವಿರಾರು ವರ್ಷಗಳ ಹಿಂದಿನ ತನ್ನ ವೃತ್ತಿಬಾಂಧವರಿಗೆ ನೈಟ್ ಈ ಚಿತ್ರದಿಂದ ಋಣ ಸಲ್ಲಿಸಿದನೆನ್ನಬಹುದು.

ಅವನ ಜೀವನದ ಮಹತ್ಕಾರ್ಯವೆಂದರೆ ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಮ್ಮಿನದು. 1926ರಿಂದ 1930ರವರೆಗೆ ಶ್ರಮಿಸಿ ಇಪ್ಪತ್ತೆಂಟು ಭಿತ್ತಿಚಿತ್ರಗಳನ್ನು ರಚಿಸಿದನು. ದೊಡ್ಡವು ಸುಮಾರು 25 ಅಡಿ ಉದ್ದ, 9 ಅಡಿ ಎತ್ತರ. ಜೀವವಿಲ್ಲದ ಬರಿಯ ಭೂಮಿಯಿಂದ ಹಿಡಿದು ಸಮುದ್ರದ ಮೊದಲ ಜೀವಿಗಳು, ಸರೀಸೃಪಗಳು, ಡೈನೋಸಾರ್‌ಗಳು, ಸಸ್ತನಿಗಳವರೆಗೆ ಸೃಷ್ಟಿಯ ಕಥೆ ಅಲ್ಲಿ ಗೋಡೆಯಿಂದ ಗೋಡೆಗೆ ಸಾಗುತ್ತದೆ. ಟೈರನೋಸಾರಸ್ ರೆಕ್ಸ್ ಮತ್ತು ಮೂರು ಕೊಂಬಿನ ಟ್ರೈಸೆರಟಾಪ್ಸ್ ಎದುರುಬದುರಾಗಿ ನಿಂತ ಚಿತ್ರ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಎಷ್ಟೋ ಪುಸ್ತಕಗಳು, ಎಷ್ಟೋ ಚಲನಚಿತ್ರಗಳು ಈ ಜೋಡಿಯನ್ನು ಎರವಲು ಪಡೆದಿವೆ. 1933ರ ‘ಕಿಂಗ್ ಕಾಂಗ್’ ಚಿತ್ರದ ಡೈನೋಸಾರ್‌ಗಳೂ ನೈಟನ ಕುಂಚದ ಮಕ್ಕಳೇ.

ಇಷ್ಟು ಕೀರ್ತಿ ಬಂದರೂ ಹಣದ ಚಿಂತೆ ಅವನನ್ನು ಬಿಡಲಿಲ್ಲ. ಇದಕ್ಕೆ ಕಾರಣ ಅವನ ಸ್ವಭಾವವೇ. ನೈಟ್ ಯಾವ ಮ್ಯೂಸಿಯಮ್ಮಿಗೂ ಸಂಬಳದ ನೌಕರನಾಗಲಿಲ್ಲ. ಒಂದೊಂದು ಕೆಲಸಕ್ಕೂ ಪ್ರತ್ಯೇಕ ಒಪ್ಪಂದ. ಒಪ್ಪಂದವಿಲ್ಲದ ತಿಂಗಳಲ್ಲಿ ವರಮಾನವೂ ಇಲ್ಲ. ಮೂಳೆಯ ವಿಷಯದಲ್ಲಿ ವಿದ್ವಾಂಸರ ಮಾತಿಗೆ ತಲೆಬಾಗುತ್ತಿದ್ದವನು ಚಿತ್ರದ ವಿಷಯದಲ್ಲಿ ತನ್ನ ಮಾತೇ ನಡೆಯಬೇಕೆನ್ನುತ್ತಿದ್ದನು. ಲೆಕ್ಕಪತ್ರ ಅವನಿಗೆ ಒಗ್ಗದ ವಿದ್ಯೆ. ಮಗಳು ಚಿಕ್ಕ ವಯಸ್ಸಿನಲ್ಲೇ ತಂದೆಯ ಹಣಕಾಸನ್ನು ನೋಡಿಕೊಳ್ಳಬೇಕಾಯಿತು. ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವ ನಮ್ಮಂಥವರಿಗೆ ಇದು ಹಟವೆಂದು ತೋರಬಹುದು. ಆದರೆ ಆ ಹಟವಿಲ್ಲದಿದ್ದರೆ ನೆಗೆಯುವ ಡೈನೋಸಾರನ್ನು ನೆಗೆಯುವಂತೆಯೇ ಬರೆಯುವ ಧೈರ್ಯ ಅವನಿಗೆ ಬರುತ್ತಿತ್ತೇ ಎಂಬುದನ್ನೂ ಯೋಚಿಸಬೇಕು.

ಅವನ ಚಿತ್ರಗಳೆಲ್ಲ ಸರಿಯೇ? ಇಲ್ಲ. ಬ್ರಾಂಟೋಸಾರಸ್ ಎಂಬ ಮಹಾಕಾಯವನ್ನು ಅವನು ನೀರಿನಲ್ಲಿ ಅರ್ಧ ಮುಳುಗಿಸಿ ಬರೆದನು. ಅಷ್ಟು ಭಾರವನ್ನು ಕಾಲುಗಳು ಹೊರಲಾರವೆಂಬುದು ಅಂದಿನ ನಂಬಿಕೆ. ಅದು ನೆಲದ ಮೇಲೆಯೇ ನಡೆದಾಡುತ್ತಿತ್ತೆಂದು ಅನಂತರ ತಿಳಿದುಬಂತು. ಎಷ್ಟೋ ಡೈನೋಸಾರ್‌ಗಳಿಗೆ ಗರಿಗಳಿದ್ದುವೆಂಬುದು 1996ರಿಂದೀಚೆಗೆ ಚೀನಾದಲ್ಲಿ ದೊರೆತ ಪಳೆಯುಳಿಕೆಗಳಿಂದ ಸ್ಪಷ್ಟವಾಯಿತು; ನೈಟನ ಕಾಲಕ್ಕೆ ಇದು ಊಹೆಗೂ ಮೀರಿದ ವಿಷಯ. ಆದರೆ ಕೆಲವೆಡೆ ಕಾಲವೇ ಅವನ ಕಡೆಗೆ ತಿರುಗಿದೆ. ಯೇಲ್ ವಿಶ್ವವಿದ್ಯಾನಿಲಯದ ಜಾನ್ ಆಸ್ಟ್ರಮ್ 1969ರಲ್ಲಿ ಡೈನೋನಿಕಸ್ ಎಂಬ ಚುರುಕಾದ ಬೇಟೆಗಾರ ಪ್ರಾಣಿಯನ್ನು ವರ್ಣಿಸಿದಾಗ, 1897ರ ನೆಗೆಯುವ ಲೇಲಾಪ್ಸ್ ಮತ್ತೆ ಎಲ್ಲರ ಕಣ್ಣಿಗೆ ಬಿತ್ತು. ಟೈರನೋಸಾರಸ್ಸಿನ ಹಲ್ಲಿನ ಗುರುತುಗಳುಳ್ಳ ಟ್ರೈಸೆರಟಾಪ್ಸ್ ಮೂಳೆಗಳೂ ದೊರೆತಿವೆ. ಆ ಎರಡರ ಮುಖಾಮುಖಿ ಬರಿಯ ಕಟ್ಟುಕಥೆಯಲ್ಲವೆಂದಾಯಿತು.

ಸರಿಯಾದ ಕಡೆ ಅವನು ಸರಿಯಾದದ್ದು ಅದೃಷ್ಟದಿಂದಲ್ಲ. ಬದುಕಿರುವ ಹುಲಿ ಹೇಗೆ ನೆಗೆಯುತ್ತದೆ, ಹಕ್ಕಿ ಹೇಗೆ ಕಾಲೂರುತ್ತದೆ, ಆನೆ ಹೇಗೆ ತನ್ನ ಭಾರವನ್ನು ಹೊರುತ್ತದೆ ಎಂದು ವರ್ಷಗಟ್ಟಲೆ ನೋಡಿದವನು ಅವನು. ಅಳಿದ ಪ್ರಾಣಿಯೂ ಒಂದು ಕಾಲಕ್ಕೆ ಹಸಿದು, ಓಡಿ, ಮರಿಗಳನ್ನು ಸಾಕಿದ ಪ್ರಾಣಿಯೇ ಎಂಬುದನ್ನು ಅವನು ಮರೆಯಲಿಲ್ಲ. 1947ರಲ್ಲಿ ಪ್ರಕಟವಾದ ಪ್ರಾಣಿಚಿತ್ರಣದ ಪುಸ್ತಕದಲ್ಲಿ ಈ ಅನುಭವವನ್ನೆಲ್ಲ ತರುಣ ಕಲಾವಿದರಿಗೆ ಧಾರೆಯೆರೆದಿದ್ದಾನೆ.

1953ರ ಏಪ್ರಿಲ್ 15ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನೈಟ್ ತೀರಿಕೊಂಡನು. ಅವನ ಚಿತ್ರಗಳನ್ನು ಶಿಕಾಗೋದ ಮ್ಯೂಸಿಯಂ ಇಂದಿಗೂ ಗೋಡೆಯಿಂದ ಇಳಿಸಿಲ್ಲ. ‘ಸೂ’ ಎಂಬ ಹೆಸರಿನ ಟೈರನೋಸಾರಸ್ಸಿನ ಬೃಹತ್ ಅಸ್ಥಿಪಂಜರವೂ ಅಲ್ಲಿದೆ. ಆ ಮೂಳೆಗಳು ನೈಟ್ ತೀರಿಕೊಂಡ ಮೂವತ್ತೇಳು ವರ್ಷಗಳ ಮೇಲೆ, 1990ರಲ್ಲಿ ದೊರೆತವು. ಮೂಳೆ ನೋಡಿದ ಮಕ್ಕಳು ಚಿತ್ರದ ಮುಂದೆಯೂ ನಿಲ್ಲುತ್ತಾರೆ. ಅದರ ತಪ್ಪುಗಳನ್ನು ತೋರಿಸಿಕೊಡಬಲ್ಲ ಮಕ್ಕಳಿಗೂ ಅವರಲ್ಲಿ ಕೊರತೆಯಿರಲಾರದು.