ಚಿನ್ನದ ಮರುವರ್ಷ

ರಿದಮಿಕ್ ಜಿಮ್ನಾಸ್ಟಿಕ್ಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ರಿಬ್ಬನ್ ಹಿಡಿದು ಸುಳಿದಾಡುವ ಒಬ್ಬಳೇ ಬಾಲೆಯ ಚಿತ್ರ. ಈ ಕ್ರೀಡೆಯಲ್ಲಿ ತಂಡದ ಸ್ಪರ್ಧೆಯೂ ಉಂಟೆಂಬುದನ್ನು ಬಲ್ಲವರು ಕಡಿಮೆ. ಅದರಲ್ಲಿ ಐವರು ಏಕಕಾಲಕ್ಕೆ ಅಂಗಣಕ್ಕಿಳಿಯುತ್ತಾರೆ. ಸುಮಾರು ಎರಡೂವರೆ ನಿಮಿಷಗಳ ಕಾಲ ಸಂಗೀತದ ಲಯಕ್ಕೆ ಅನುಗುಣವಾಗಿ ಚೆಂಡು, ರಿಬ್ಬನ್ ಮುಂತಾದವುಗಳನ್ನು ಒಬ್ಬರತ್ತ ಒಬ್ಬರು ಎಸೆದು ಹಿಡಿಯುತ್ತಾರೆ. ಒಬ್ಬಳ ಕೈತಪ್ಪಿದರೆ ಐವರ ಅಂಕವೂ ಇಳಿಯುತ್ತದೆ. ವೈಯಕ್ತಿಕ ಸ್ಪರ್ಧೆ 1984ರಲ್ಲಿಯೇ ಒಲಿಂಪಿಕ್ಸ್ ಪ್ರವೇಶಿಸಿದ್ದರೂ ತಂಡದ ಸ್ಪರ್ಧೆಗೆ ಆ ಭಾಗ್ಯ ದೊರೆತದ್ದು 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ.

ಆ ಮೊದಲ ಚಿನ್ನವನ್ನು ಗೆದ್ದದ್ದು ಸ್ಪೇನ್. ತಂಡದ ಆರು ಬಾಲೆಯರ ವಯಸ್ಸು 15ರಿಂದ 17. ನಮ್ಮಲ್ಲಾದರೆ ಹತ್ತನೆಯ ತರಗತಿಯ ಮತ್ತು ಪಿಯುಸಿಯ ಮಕ್ಕಳು! ಅವರಲ್ಲಿ ಮೂವರು ಉತ್ತರ ಸ್ಪೇನಿನ ವಿಟೋರಿಯಾ ಎಂಬ ಒಂದೇ ಊರಿನವರು. ಆ ಮೂವರಲ್ಲಿ ಒಬ್ಬಳು ತಾನಿಯಾ ಲಮಾರ್ಕಾ, 1980ರಲ್ಲಿ ಹುಟ್ಟಿದವಳು. ತಂದೆತಾಯಿಯರನ್ನು ಬಿಟ್ಟು ಮ್ಯಾಡ್ರಿಡ್ಡಿಗೆ ಬಂದು, ತಂಡದ ಗೆಳತಿಯರೊಡನೆ ಒಂದೇ ಮನೆಯಲ್ಲಿ ವಾಸಿಸುತ್ತ, ದಿನದ ಬಹುಭಾಗವನ್ನು ಅಭ್ಯಾಸದಲ್ಲಿ ಕಳೆದವಳು. 1995ರ ವಿಯೆನ್ನಾ ಹಾಗೂ 1996ರ ಬುಡಾಪೆಸ್ಟ್ ವಿಶ್ವ ಸ್ಪರ್ಧೆಗಳಲ್ಲಿ ಮೂರು ಚೆಂಡು, ಎರಡು ರಿಬ್ಬನ್‌ಗಳ ಪ್ರದರ್ಶನಕ್ಕೆ ಈ ತಂಡ ಚಿನ್ನ ಪಡೆದಿತ್ತು.

ಆದರೂ ಬಲ್ಗೇರಿಯಾ ಮತ್ತು ರಷ್ಯಾಗಳನ್ನು ಒಲಿಂಪಿಕ್ಸ್‌ನಲ್ಲಿ ಹಿಂದಿಕ್ಕುವುದು ಸಣ್ಣ ಮಾತಾಗಿರಲಿಲ್ಲ. ಈ ಕಲೆಯಲ್ಲಿ ಪೂರ್ವ ಯೂರೋಪಿನವರೇ ಗುರುಗಳು. ಸ್ಪೇನ್ ತಂಡವನ್ನು ಪಳಗಿಸಿದ ಎಮಿಲಿಯಾ ಬೊನೇವಾ ಕೂಡ ಬಲ್ಗೇರಿಯಾದವರೇ! ಅಂತಿಮ ಅಂಕಗಳನ್ನು ನೋಡಿ: ಸ್ಪೇನ್ 38.933, ಬಲ್ಗೇರಿಯಾ 38.866, ರಷ್ಯಾ 38.365. ಮೊದಲೆರಡು ಸ್ಥಾನಗಳ ನಡುವಿನ ಅಂತರ ಕೇವಲ 0.067. ಗುರುವಿನ ತಾಯ್ನಾಡನ್ನು ಶಿಷ್ಯೆಯರು ಕೂದಲೆಳೆಯಲ್ಲಿ ಸೋಲಿಸಿದ್ದರು. ಸ್ಪೇನಿನ ಜನ ಅವರನ್ನು 'ಚಿನ್ನದ ಹುಡುಗಿಯರು' ಎಂದು ಕೊಂಡಾಡಿದರು.

ಮರುವರ್ಷವೇ, ಅಂದರೆ 1997ರಲ್ಲಿ, ತಾನಿಯಾ ತಂಡದಿಂದ ಹೊರಬೀಳಬೇಕಾಯಿತು. ಕಾರಣ ಆಟದಲ್ಲಿನ ದೋಷವಲ್ಲ, ದೇಹದ ತೂಕ. ಬೆಳೆಯುವ ವಯಸ್ಸಿನ ಹೆಣ್ಣುಮಗಳ ಮೈ ತುಂಬಿಕೊಳ್ಳುವುದು ಪ್ರಕೃತಿ ನಿಯಮ. ಅದನ್ನೇ ಅಪರಾಧವೆಂಬಂತೆ ತಕ್ಕಡಿಯಲ್ಲಿಟ್ಟು ತೂಗುವುದನ್ನು ಶಿಸ್ತು ಎನ್ನಲು, ಜೀವಮಾನವಿಡೀ ಮಕ್ಕಳ ನಡುವೆ ಕಳೆದ ನನಗೆ ಮನಸ್ಸು ಬಾರದು. ವೈಯಕ್ತಿಕ ಸ್ಪರ್ಧಿಯಾದರೆ ಅವಳ ಹೆಸರಿಗೇ ಒಂದು ಬೆಲೆಯಿರುತ್ತದೆ. ತಂಡದಲ್ಲಿ ಐವರೂ ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣಬೇಕು, ಅಚ್ಚಿಗೆ ಹೊಂದದವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ.

ತಾನಿಯಾ ಈ ಕಥೆಯನ್ನು 2008ರಲ್ಲಿ, ಕ್ರಿಸ್ಟಿನಾ ಗಾಯೊ ಅವರೊಡಗೂಡಿ, ಪುಸ್ತಕವಾಗಿ ಬರೆದಳು. ಅದರ ಶೀರ್ಷಿಕೆಯ ಅರ್ಥ 'ಪದಕವೊಂದಕ್ಕಾಗಿ ಕಣ್ಣೀರು'. ಹಸಿವು, ತೂಕದ ಭಯ, ಮನೆಯ ನೆನಪು ಇವೆಲ್ಲವುಗಳೊಂದಿಗೆ ಗೆಳತಿಯರ ಒಡನಾಟದ ಸುಖವೂ ಆ ಬದುಕಿನಲ್ಲಿತ್ತು. ಸ್ಪೇನಿಗೆ ಈ ಸ್ಪರ್ಧೆಯಲ್ಲಿ ಮತ್ತೊಂದು ಒಲಿಂಪಿಕ್ ಪದಕ ಬಂದದ್ದು ಇಪ್ಪತ್ತು ವರ್ಷಗಳ ನಂತರ, 2016ರ ರಿಯೋದಲ್ಲಿ; ಅದು ಬೆಳ್ಳಿ.